ಲೋಹಿತನ ಹಾವಿನ ಚಾರ್ಟು

ಜವರಪ್ಪಜ್ಜ ಒಂದು ಏಲಕ್ಕಿ ತೋಟದ ಕಾವಲುಗಾರ. ಹಾವಿನ ವಿಷಯದಲ್ಲಿ ಅವನು ಹೇಳಿದ್ದೇ ಕೊನೆ ಮಾತು. ಅವನ ಹತ್ತಿರ ಕಲಿಯೋಕೆ ಲೋಹಿತ ಬಂದಿದ್ದ. ಡಿಗ್ರಿ ಮುಗಿಸಿದವನು, ಅಕ್ಷರ ಮುತ್ತಿನ ಹಾಗೆ. ನನ್ನಂಥವನಲ್ಲ ಬಿಡಿ.

"ಕಾಯಿ ಬಿಡಿಸೋ ಹೆಂಗಸರು ಗಿಡದ ಬುಡಕ್ಕೇ ಕೈ ಹಾಕ್ತಾರೆ. ಯಾವ ಹಾವಿಗೆ ಹೆದರಬೇಕು ಅಂತ ಒಂದು ಚಾರ್ಟು ಬರಿ. ಮೊದಲು ತೋಟವೆಲ್ಲ ನೋಡು," ಅಂದ ಅಜ್ಜ.

ಲೋಹಿತ ಒಂದೇ ಸುತ್ತು ಹಾಕಿದ. ಹಳ್ಳದ ಪಕ್ಕ ಒಂದು ಗುಳಿಮಂಡಲ ಕಂಡಿತು. ವಿಷದ ಹಾವು, ಮೈಯೆಲ್ಲ ಹಸಿರು. ದೂರದಿಂದ ಫೋಟೋ ತೆಗೆದ. ಬಂದವನೇ ಹಸಿರು ಪೆನ್ನಲ್ಲಿ ಚಿತ್ರ ಬಿಡಿಸಿ, "ಹಸಿರು ಕಂಡರೆ ಓಡಿ" ಅಂತ ಬರೆದು ಗೋದಾಮಿನ ಬಾಗಿಲಿಗೆ ಅಂಟಿಸಿದ. ಅಜ್ಜನಿಗೆ ತೋರಿಸಲೇ ಇಲ್ಲ. ಹೋಮ್‌ವರ್ಕ್ ಖಲಾಸ್!

ಮರುದಿನ ಬೆಳಿಗ್ಗೆ ಕೆಲಸದ ದ್ಯಾವಕ್ಕ ಆ ಚಾರ್ಟು ಓದಿಕೊಂಡು ಬಂದು ಕಾಯಿ ಬಿಡಿಸೋಕೆ ಬಗ್ಗಿದಳು. ಬುಡದಲ್ಲಿ ಕಂದು ಹಾವೊಂದು ಸುರುಳಿ ಸುತ್ತಿ ಕೂತಿತ್ತು. ಪರೀಕ್ಷೆ ಹಾಲ್‌ನಲ್ಲಿ ನಾನು ಕೂರ್ತೀನಲ್ಲ, ಹಾಗೆ. ಅಲ್ಲಾಡಲ್ಲ, ಏನೂ ಇಲ್ಲ.

"ಹಸಿರಲ್ವಲ್ಲ, ಪಾಪದ್ದು. ಏಳಪ್ಪ, ಕೆಲಸ ಮಾಡೋಕೆ ಬಿಡು," ಅಂತ ಬರಿಗೈ ಚಾಚಿದಳು.

"ದ್ಯಾವೀ! ಕೈ ತೆಗಿ!" ಅಜ್ಜ ಕಿರುಚಿದ.

ಅವಳು ಕೈ ಎಳೆದುಕೊಂಡಳು. ಹಾವು ಎರಗಿತು. ಹಲ್ಲು ತಾಗಿದ್ದು ಬುಟ್ಟಿಗೆ.

ಕೂಗು ಕೇಳಿ ಓಡಿ ಬಂದ ಲೋಹಿತನ ಮುಖ ಸುಣ್ಣ. "ಅಜ್ಜ, ಇದು ಕಂದು ಇದೆಯಲ್ಲ!"

"ದೂರ ನಿಂತು ಇದರದ್ದೂ ಫೋಟೋ ತೆಗಿ. ಈಗ ದೊಡ್ಡದು ಮಾಡು. ಕಣ್ಣಿಗೂ ಮೂಗಿಗೂ ನಡುವೆ ಏನಿದೆ?"

"ಒಂದು ಗುಳಿ."

"ನಿನ್ನೆಯದರಲ್ಲಿ?"

ಅದರಲ್ಲೂ ಗುಳಿ. ಅದೇ ಅಗಲ ತಲೆ, ಅದೇ ಸಣ್ಣ ಕತ್ತು.

"ಎರಡೂ ಮಲಬಾರ್ ಗುಳಿಮಂಡಲವೇ ಕಣೋ. ಹಸಿರೂ ಇರುತ್ತೆ, ಕಂದೂ ಇರುತ್ತೆ, ಹಳದೀನೂ ಇರುತ್ತೆ. ಇದರ ನೆಂಟ ಒಬ್ಬ ಬಿದಿರಲ್ಲಿದ್ದಾನೆ, ಇನ್ನೊಬ್ಬ ಉಬ್ಬು ಮೂಗಿನವನು ತರಗೆಲೆಯಲ್ಲಿದ್ದಾನೆ. ಅವರಿಗೂ ಇದೇ ಗುಳಿ. ನಿನ್ನೆ ನಿಂದು ನೀಲಿ ಅಂಗಿ, ಇವತ್ತು ಹಳದಿ. ಇವನ್ಯಾರೋ ಹೊಸಬ ಅಂತ ತಿಂಡಿ ಕೊಡದೆ ಕಳಿಸ್ಲಾ?"

ಲೋಹಿತ ಚಾರ್ಟು ಹರಿದು ಹಾಕಿದ. "ತಪ್ಪಾಯ್ತು ದ್ಯಾವಕ್ಕ," ಅಂತ ಕಣ್ಣೊರೆಸಿಕೊಂಡ.

"ಅಳಬೇಡ ಮಾರಾಯ. ಬದುಕಿದೀನಲ್ಲ, ಇನ್ನೂ ಬೈತೀನಿ," ಅಂದಳು ಅವಳು.

ವಾರವಿಡೀ ಲೋಹಿತ ಅಜ್ಜನ ಹಿಂದೆ ಹಳ್ಳ, ಬಿದಿರು, ತರಗೆಲೆ ಎಲ್ಲ ಸುತ್ತಿದ. ಹೊಸ ಚಾರ್ಟಿಗೆ ಬಣ್ಣವೇ ಇಲ್ಲ. ಪೆನ್ಸಿಲ್ಲಲ್ಲಿ ಒಂದು ಮುಖ, ಒಂದು ಗುಳಿ, ಯಾರು ಎಲ್ಲಿರ್ತಾರೆ ಅನ್ನೋದು. ಕೆಳಗೆ ಒಂದು ಸಾಲು: "ಯಾವ ಹಾವಾದರೂ ಮುಟ್ಟಬೇಡಿ. ಅಜ್ಜನನ್ನು ಕರೀರಿ."

ಅದನ್ನು ಅಂಟಿಸೋ ದಿನ ಅವನು ಕಂದು ಅಂಗಿ ಹಾಕಿಕೊಂಡು ಬಂದಿದ್ದ. ದ್ಯಾವಕ್ಕ ಕೋಲು ಅಡ್ಡ ಹಿಡಿದಳು.

"ನಿಲ್ಲು. ಅಂಗಿ ನೋಡಿ ನಂಬಲ್ಲ ನಾನು. ಮುಖ ತೋರ್ಸು."

ತೋರಿಸಿದ. ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಬುಟ್ಟಿಯಿಂದ ರೊಟ್ಟಿ ತೆಗೆದು ಅರ್ಧ ಮುರಿದು ಅವನ ಕೈಗಿಟ್ಟಳು.

ನೀತಿ: ಒಂದು ಕಂಡ ಮಾತ್ರಕ್ಕೆ ಎಲ್ಲ ಕಂಡಂತಲ್ಲ. ಬಣ್ಣ ನೋಡಿ ಗುಂಪು ಮಾಡಿದರೆ ತಪ್ಪು ಒಬ್ಬರದು, ಕಚ್ಚಿಸಿಕೊಳ್ಳೋ ಕೈ ಇನ್ನೊಬ್ಬರದು.