ಕೇಳಿಸದ ಡಂಗುರ

"ಬುದ್ಧೀ, ನೋಟೀಸು ಹಾಕೋದಕ್ಕೆ ಪತ್ರಿಕೆಯವರು ಬಾಯಿಗೆ ಬಂದ ದರ ಕೇಳ್ತಾರೆ. ಇಷ್ಟೇ ತಗೋಬೇಕು ಅಂತ ಸರ್ಕಾರ ಕಟ್ಟುನಿಟ್ಟು ಮಾಡಿದ್ರೆ ಎಲ್ಲರಿಗೂ ನ್ಯಾಯ ಸಿಕ್ಕ ಹಾಗಲ್ವೇ?"

ಕೇಳಿದವನು ಮಠದ ವ್ಯವಹಾರ ನೋಡಿಕೊಳ್ಳುತ್ತಿದ್ದ ಶಿಷ್ಯ ನಿರ್ವಾಣಯ್ಯ. ಮಠದ ಹಿಂದೆ ಒಂದು ತುಂಡು ಜಾಗವಿತ್ತು. ಅದನ್ನು ಮಠದ ಹೆಸರಿಗೆ ಮಾಡಿಸುವ ಮೊದಲು, ತಕರಾರು ಇರುವವರು ಬಂದು ಹೇಳಲಿ ಎಂದು ಪತ್ರಿಕೆಯಲ್ಲಿ ಪ್ರಕಟಿಸಬೇಕೆಂದು ವಕೀಲರು ಹೇಳಿದ್ದರು. ಊರೆಲ್ಲ ಓದುವ ಪತ್ರಿಕೆ ಕೇಳಿದ ದರ ಅವನಿಗೆ ದುಬಾರಿ ಎನಿಸಿತ್ತು. ಕೋರ್ಟಿನ ಆವರಣದಾಚೆ ಯಾರೂ ಕಾಣದ ಇನ್ನೊಂದು ಪತ್ರಿಕೆ ಕಡಿಮೆಗೆ ಒಪ್ಪಿತ್ತು. ಆ ಜಾಗದಲ್ಲಿ ಒಂದು ಗುಡಿಸಲಿದೆ, ದಾಸೋಹದ ಪಾತ್ರೆ ತಿಕ್ಕುವ ಪುಟ್ಟತಾಯಮ್ಮ ಅದರಲ್ಲಿ ಇದ್ದಾಳೆ ಎಂಬುದನ್ನೂ ಅವನು ಮಾತಿನ ನಡುವೆ ಹೇಳಿದ.

"ಕಟ್ಟುನಿಟ್ಟು ಬೇಕೇ ಬೇಕು," ಎಂದರು ಗುರುಗಳು. "ಒಂದು ಊರಿನಲ್ಲಿ ಮಾಡಿದ್ದರು. ಕೇಳು."

ಆ ಊರಿನಲ್ಲಿ ಮನೆಯಾಗಲಿ ಹೊಲವಾಗಲಿ ಕೈ ಬದಲಾಗುವ ಮೊದಲು ಡಂಗುರ ಸಾರಿಸಬೇಕಿತ್ತು. ತಕರಾರು ಇದ್ದವರು ಬರುವ ಅಮಾವಾಸ್ಯೆಯೊಳಗೆ ಹೇಳಬೇಕು. ಹೇಳದಿದ್ದರೆ ಮುಗಿಯಿತು. ಡಂಗುರದವನು ಮುಖ ನೋಡಿ ಕೂಲಿ ಕೇಳುತ್ತಿದ್ದ. ಒಬ್ಬ ವಿಧವೆ ಗಂಡನ ಹೊಲವನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಬಂದಳು. ಅವನು ಹೇಳಿದ ಕೂಲಿ ಕೇಳಿ ಸಾರಿಸದೆ ಹಾಗೇ ಹಿಂದಿರುಗಿದಳು. ಹೊಲ ಮೈದುನನ ಪಾಲಾಯಿತು.

ದೂರು ಅರಸನ ಕಿವಿಗೆ ಬಿತ್ತು. ಅರಸನಿಗೆ ಅಂದು ಒಳ್ಳೆಯ ಬುದ್ಧಿಯೇ ಇತ್ತು. ಬೀದಿಗೆ ಒಂದು ಸೇರು ರಾಗಿ, ಅದಕ್ಕಿಂತ ಒಂದು ಕಾಳು ಹೆಚ್ಚು ತೆಗೆದುಕೊಂಡರೆ ಕೈ ಕಡಿಸುತ್ತೇನೆ ಎಂದು ಅಪ್ಪಣೆ ಮಾಡಿದ. ಜನ ಹಿಗ್ಗಿದರು. ಯಾವ ಬೀದಿಯಲ್ಲಿ ಸಾರಬೇಕು ಎಂದು ಅರಸನೂ ಹೇಳಲಿಲ್ಲ, ಹಿಗ್ಗಿದವರೂ ಕೇಳಲಿಲ್ಲ.

ಒಬ್ಬ ವರ್ತಕನಿಗೆ ತನ್ನ ಉಗ್ರಾಣದ ಪಕ್ಕದಲ್ಲಿದ್ದ ಕುಂಬಾರನ ಮನೆಯ ಮೇಲೆ ಕಣ್ಣಿತ್ತು. ಆ ಮನೆ ತನ್ನದೆಂದು ಸಾರಿಸಲು ಡಂಗುರದವನನ್ನು ಕರೆಸಿದ. ಮಸಣದ ಹಿಂದಿನ ಬೀದಿ, ಹಾಳುಬಿದ್ದ ಓಣಿ, ಗಾಣ ಕಿರುಗುಟ್ಟುತ್ತ ತಿರುಗುವಾಗ ಗಾಣದ ಬೀದಿ, ಇಷ್ಟರಲ್ಲಿ ಸಾರಿದರೆ ಸಾಕು ಎಂದ.

"ದರ ಸರಿಯಾಗಿ ಕೊಟ್ರೆ ನಂಗೇನು ಧಣಿ? ಬೀದಿ ಅಂದ್ರೆ ಬೀದೀನೇ," ಎಂದ ಡಂಗುರದವನು.

ಕುಂಬಾರ ಊರಾಚೆ ಆವಿಗೆ ಹಚ್ಚಿ ಮಡಕೆ ಸುಡುತ್ತಿದ್ದ. ಹೆಂಡತಿಯೂ ಅಲ್ಲೇ ಇದ್ದಳು. ಮಡಕೆ ಹೊತ್ತು ಅವರು ಮರಳುವ ಹೊತ್ತಿಗೆ ಅಮಾವಾಸ್ಯೆ ಕಳೆದಿತ್ತು, ಬಾಗಿಲಿಗೆ ವರ್ತಕನ ಬೀಗ ಬಿದ್ದಿತ್ತು. ಕುಂಬಾರ ಚಾವಡಿಗೆ ಓಡಿದ. ಸಾರಿದ್ದು ಹೌದೋ ಎಂದು ಅಧಿಕಾರಿ ವಿಚಾರಿಸಿದ. ಹೌದು. ದರ ಮೀರಿದ್ದು ಉಂಟೋ? ಇಲ್ಲ. ಹಾಗಾದರೆ ನಿನಗೆ ತಿಳಿಸಿದಂತೆಯೇ ಆಯಿತು ಎಂದು ತೀರ್ಪು ಕೊಟ್ಟ. ಕುಂಬಾರ ತಿಗರಿಯನ್ನು ಹೆಗಲಿಗೇರಿಸಿಕೊಂಡು ಊರು ಬಿಟ್ಟ.

ವರ್ತಕ ಗೋಡೆ ಒಡೆಸಿ ಉಗ್ರಾಣ ದೊಡ್ಡದು ಮಾಡಿಸಿದ. ಒಂದು ದಿನ ತಕ್ಕಡಿ ಹಿಡಿದು ನಿಂತಿದ್ದಾಗ ದೂರದಲ್ಲಿ ತಮಟೆ ಕೇಳಿಸಿತು. ಏನು ಸಾರುತ್ತಿದ್ದಾರೆಂದು ತಿಳಿಯಲಿಲ್ಲ. ಅವನು ತಕ್ಕಡಿ ಕೆಳಗಿಟ್ಟ. ಬೀದಿಗೆ ಒಂದೇ ಸೇರು ರಾಗಿ. ತನಗೆ ಅಗ್ಗವಾದದ್ದು ತನ್ನ ಹಗೆಗಳಿಗೂ ಅಗ್ಗ.

ಅಂದು ಹಿಡಿದ ಭಯ ಬಿಡಲಿಲ್ಲ. ತಮಟೆ ಕೇಳಿಸಿದರೆ ಗಿರಾಕಿಯನ್ನು ಬಿಟ್ಟು ಓಡುತ್ತಿದ್ದ. ಕೇಳಿಸದಿದ್ದರೆ ಇನ್ನೂ ಹೆದರುತ್ತಿದ್ದ. ತಾನು ಸಾರಿಸಿದ್ದೂ ಯಾರಿಗೂ ಕೇಳಿಸಿರಲಿಲ್ಲವಲ್ಲ! ಬೀದಿ ಬೀದಿಗೆ ಆಳುಗಳನ್ನು ಇಟ್ಟ. ಆಳುಗಳನ್ನೂ ನಂಬದೆ ಹಾಳು ಓಣಿಯಲ್ಲಿ ತಾನೇ ಹೋಗಿ ಕುಳಿತ. ಮಗಳ ಧಾರೆಯ ಹೊತ್ತಿನಲ್ಲಿ ಎದ್ದುನಿಂತು, ಓಲಗ ನಿಲ್ಲಿಸಿ, ಹೊರಗೆ ಏನೋ ಸಾರುತ್ತಿದ್ದಾರೆ, ನನಗೆ ಕೇಳಿಸುತ್ತಿಲ್ಲ ಎಂದು ಅರಚಿದ. ನೆಂಟರು ಮುಖ ಮುಖ ನೋಡಿಕೊಂಡರು. ಹೊರಗೆ ಯಾರೂ ಇರಲಿಲ್ಲ.

ಕೊನೆಗೆ ತಡೆಯಲಾರದೆ ಡಂಗುರದವನ ಮನೆಗೇ ಹೋದ.

"ನನ್ನ ಮೇಲೆ ಯಾರಾದ್ರೂ ಸಾರಿಸಿದ್ದಾರೇನೋ? ಹೇಳಪ್ಪ, ನೀನು ಕೇಳಿದಷ್ಟು ಕೊಡ್ತೀನಿ."

"ದರದ ಮೇಲೆ ಒಂದು ಕಾಳೂ ಮುಟ್ಟಂಗಿಲ್ಲ ಧಣಿ, ಅರಸರ ಅಪ್ಪಣೆ," ಎಂದ ಡಂಗುರದವನು. ತಮಟೆಯನ್ನು ಬಿಸಿಲಿಗೆ ಕಾಯಿಸುತ್ತಿದ್ದವನು ತಲೆ ಎತ್ತಲಿಲ್ಲ. "ಹೋದ ಅಮಾವಾಸ್ಯೆಗೆ ಮುಂಚೇನೇ ಸಾರಿ ಆಯ್ತಲ್ಲ. ನಿಮಗೆ ಕೇಳಿಸ್ಲಿಲ್ವೇ?"

ವರ್ತಕ ಮನೆಗೆ ಓಡಿದ. ಬಾಗಿಲಿಗೆ ಬೀಗ ಬಿದ್ದಿತ್ತು. ಯಾರ ಬೀಗ ಎಂಬುದೂ ಅವನಿಗೆ ಗೊತ್ತಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ನಿರ್ವಾಣಯ್ಯನಿಗೆ ಸಮಾಧಾನವಾಗಿತ್ತು.

"ಅವನಿಗೆ ತಕ್ಕ ಶಾಸ್ತಿ ಆಯ್ತು ಬುದ್ಧೀ," ಎಂದ. "ಹಾಗಾದ್ರೆ ದರದ ಜೊತೆಗೆ, ಯಾವ ಪತ್ರಿಕೇಲಿ ಹಾಕಬೇಕು ಅನ್ನೋದನ್ನೂ ಸರ್ಕಾರವೇ ಗೊತ್ತು ಮಾಡಬೇಕು ಅನ್ನಿ."

ಅಡುಗೆಮನೆಯ ಹಿಂದಿನಿಂದ ಕೊಳದಪ್ಪಲೆ ಉಜ್ಜುವ ಸದ್ದು ಬರುತ್ತಿತ್ತು. ಗುರುಗಳು ಅತ್ತ ಕೈ ತೋರಿಸಿದರು.

"ಗೊತ್ತು ಮಾಡಲಿ. ಆದರೆ ಅಲ್ಲಿ ಪಾತ್ರೆ ತಿಕ್ಕುತ್ತಿದ್ದಾಳಲ್ಲ ಪುಟ್ಟತಾಯಮ್ಮ, ಅವಳಿಗೆ ಬಾಯಿಬಿಟ್ಟು ಹೇಳೋದಕ್ಕೆ ದರ ಎಷ್ಟು ನಿರ್ವಾಣಯ್ಯ?"