ಬುಷ್ಷಜ್ಜಿ ಹೇಳಿದ ಗುಟ್ಟು

"ಮೆಲ್ಲಗೆ ಕೇಳು, ಯಾರ ಹತ್ತಿರವೂ ಬಾಯಿ ಬಿಡಬೇಡ, ನನ್ನಾಣೆ," ಅಂದಳು ಹಳೇ ಜೀಪಿನ ಮುಂದಿನ ಸ್ಪ್ರಿಂಗ್ ಪಟ್ಟಿಯ ತುದಿಯ ತೂತಿನೊಳಗೆ, ಕಬ್ಬಿಣಕ್ಕೆ ಕಬ್ಬಿಣ ಉಜ್ಜದಂತೆ ತಡೆಯುತ್ತಾ ಕೂತಿದ್ದ ರಬ್ಬರ್ ಬಳೆ ಬುಷ್ಷಜ್ಜಿ. ಕೇಳುತ್ತಿದ್ದವನು ಅವಳ ನಡುವಿನ ತೂತಿನಲ್ಲೇ ಹಾದುಹೋಗಿದ್ದ ನೆರೆಯವನು, ಬೋಲ್ಟಪ್ಪ. "ಸ್ಟೀರಿಂಗು ಗಡಗಡ ನಡುಗುತ್ತಲ್ಲ, ಅದು ಆ ಎಡಗಡೆ ಚಕ್ರದ ಕೆಲಸ. ಕುಡಿದು ಹಳ್ಳಕ್ಕಿಳಿಯುತ್ತಂತೆ! ನಾನೇನು ಓದಿದವಳಲ್ಲಪ್ಪ, ಎರಡು ಕಬ್ಬಿಣದ ಮಧ್ಯೆ ಸಿಕ್ಕಿಕೊಂಡ ಮುದುಕಿ. ಆದರೂ ಕಣ್ಣಾರೆ ಕಂಡದ್ದು ಸುಳ್ಳಾಗುತ್ತಾ?"

ಅಷ್ಟರಲ್ಲಿ ಮೆಕ್ಯಾನಿಕ್ ಬುಡೇನ್ ಸಾಬ್ ಜೀಪಿನಡಿ ಮಲಗಿದ. "ಸ್ಟೀರಿಂಗ್ ಅಲ್ಲಾಡಿಸಿ ಯಜಮಾನ್ರೇ. ಯಾವುದು ಸಡಿಲವೋ ಅದನ್ನ ಇವತ್ತು ಕಿತ್ತೆಸೀತೀನಿ," ಅಂತ ಮೇಲೆ ಸೀಟಿನಲ್ಲಿ ಕೂತಿದ್ದ ಜೀಪಿನ ಮಾಲೀಕನಿಗೆ ಹೇಳಿ, ಒಂದೊಂದು ಕೀಲಿಗೂ ಬೆರಳಿಟ್ಟು ನೋಡುತ್ತಾ ಬಂದ. ಅಜ್ಜಿಗೆ ಎಲ್ಲಿಲ್ಲದ ಖುಷಿ. ಚಕ್ರದ ಮರ್ಯಾದೆ ಹೋಗುವುದನ್ನು ನೋಡಲು ಇನ್ನಷ್ಟು ಬಾಗಿದಳು. ಬೆರಳು ಚಕ್ರವನ್ನು ದಾಟಿ ಬಂದು ಅವಳ ಮೇಲೆಯೇ ನಿಂತಿತು. ಬುಡೇನ್ ಸಾಬ್ ಸ್ಪ್ಯಾನರ್ ಕೈಗೆತ್ತಿಕೊಂಡ.

"ಅಯ್ಯೋ, ನಾನೇನು ಮಾಡಿದೆನಪ್ಪ?" ಅಂದಳು ಅಜ್ಜಿ.

ಬೋಲ್ಟಪ್ಪ ಅವಳ ಮುಖಕ್ಕೇ ಹೇಳಿದ: "ಅವರಿವರ ಮನೆಯೊಳಗೆ ಇಣುಕೋಕೆ ಆ ಕಡೆ ಈ ಕಡೆ ಬಾಗಿ ಬಾಗಿ ನೀವೇ ಸವೆದುಹೋದಿರಿ ಅಜ್ಜಿ. ನೀವು ಹಿಡಿತ ಬಿಟ್ಟಿದ್ದಕ್ಕೆ ನಾನು ನಡುಗಿದೆ, ನಾನು ನಡುಗಿದ್ದಕ್ಕೆ ಸ್ಟೀರಿಂಗೂ ನಡುಗಿತು. ಕುಡುಕ ಅನ್ನಿಸಿಕೊಂಡದ್ದು ಮಾತ್ರ ಪಾಪ, ಆ ಚಕ್ರ."