ಗದ್ದೆಯಿಲ್ಲದ ನೀರಗಂಟಿ

ನಂಬುವುದಾದರೆ ನಂಬಿ, ಇಲ್ಲವಾದರೆ ನಮ್ಮೂರಿಗೆ ಬಂದು ಯಾರನ್ನಾದರೂ ಕೇಳಿ. ಹನ್ನೆರಡು ಊರಿನ ಪೈಲ್ವಾನರ ಬೆನ್ನಿಗೆ ಮಣ್ಣು ಮುಟ್ಟಿಸಿದ ನಾನು ಒಂದು ಕತೆಗೆ ಚಿತ್ತಾದೆ. ಕತೆ ಹೇಳಿದವರು ನಮ್ಮ ಗರಡಿಯ ಗುರುಗಳು. ಕೇಳಿದ ಪ್ರಶ್ನೆ ನನ್ನದೇ.

"ಗುರುಗಳೇ, ಆಳುವವರು ಮಂತ್ರಿಗಳು. ಕಾನೂನು ಮಾಡುವುದು ಪಾರ್ಲಿಮೆಂಟು. ಅವರು ಕಳಿಸಿದ ಕಾಗದಕ್ಕೆ ರುಜು ಹಾಕಲು ಒಬ್ಬ ರಾಷ್ಟ್ರಪತಿ ಯಾಕೆ? ಆ ಕೆಲಸ ನಾನೂ ಮಾಡೇನು, ಎಡಗೈಲಿ!"

ಗರಡಿಯಲ್ಲಿದ್ದವರೆಲ್ಲ ನಕ್ಕರು. ಮಂಡಿ ಮುರಿದು ಕುಸ್ತಿ ಬಿಟ್ಟಿದ್ದ ಮೊಗಣ್ಣ ಮಾತ್ರ ನಗಲಿಲ್ಲ.

ಗುರುಗಳಿಗೆ ವಯಸ್ಸಾಗಿತ್ತು. ಗರಡಿಯ ಕೀಲಿಯನ್ನು ಅಂದೇ ಒಬ್ಬರಿಗೆ ಒಪ್ಪಿಸುತ್ತೇನೆ ಎಂದಿದ್ದರು. ಕೀಲಿ ಹಿಡಿದವನೇ ಜೋಡಿ ಕಟ್ಟಬೇಕು, ಯಾರ ಮೇಲೆ ಯಾರು ಎಂದು ಹೇಳಬೇಕು. ನನ್ನನ್ನು ಬಿಟ್ಟರೆ ಇನ್ಯಾರು? ನಾನು ಆಗಲೇ ಹೊಸ ಪೇಟ ಕಟ್ಟಿಕೊಂಡು ಬಂದಿದ್ದೆ.

"ಕೂತ್ಕೊಳೋ ಜವರ" ಎಂದು ಗುರುಗಳು ಕತೆ ಹೇಳಿದರು.

ಒಂದು ಊರು. ಊರಿಗೆ ಒಂದು ಕೆರೆ. ಯಾರ ಗದ್ದೆಗೆ ಯಾವತ್ತು ನೀರು ಎಂಬುದನ್ನು ರೈತರ ಕೂಟ ತೀರ್ಮಾನಿಸುತ್ತಿತ್ತು. ತೂಬಿನ ಕೀಲಿ ಮಾತ್ರ ಗದ್ದೆಗಳಿಗೆ ನೀರು ಬಿಡುವ ನೀರಗಂಟಿಯ ಸೊಂಟದಲ್ಲಿ. ಕೂಟ ಹೇಳದೆ ಅವನು ತೂಬು ಎತ್ತುವಂತಿಲ್ಲ. ಅವನು ಎತ್ತದೆ ಕೂಟದ ಮಾತು ನೀರಾಗುವಂತಿಲ್ಲ. ಕೂಟದಿಂದ ಶಿಕ್ಷೆ ಬಿದ್ದವನು ಕೊನೆಗೆ ಕ್ಷಮೆ ಕೇಳಿ ನಿಲ್ಲುತ್ತಿದ್ದದ್ದೂ ಅವನ ಬಾಗಿಲಲ್ಲೇ. ಆದರೆ ಆ ಕೆರೆಯ ಕೆಳಗೆ ಅವನಿಗೆ ಒಂದು ಗೇಣು ಗದ್ದೆಯೂ ಇರಕೂಡದು. ಹಿರಿಯರ ಕಟ್ಟಳೆ ಅದು.

ಒಂದು ವರ್ಷ ಮೇಲಿನ ಬಯಲಿನ ರೈತನೊಬ್ಬ ಕೂಟದ ಯಜಮಾನನಾದ. ಎಂಟು ದಿನದ ಸರದಿಯಲ್ಲಿ ಎಂಟು ದಿನವೂ ನೀರು ಮೇಲಿನ ಬಯಲಿಗೇ ಎಂದು ತೀರ್ಮಾನ ಮಾಡಿಸಿದ. ಕೆಳಗಿನ ಬಯಲಿನಲ್ಲಿ ಭತ್ತ ಹಾಲು ತುಂಬುವ ಹೊತ್ತು.

ನೀರಗಂಟಿ, "ಇನ್ನೊಂದು ಸಲ ಯೋಚಿಸಿ" ಎಂದ.

"ನಮಗೆ ಬುದ್ಧಿ ಹೇಳೋಕೆ ನೀನ್ಯಾವನಯ್ಯಾ? ತೂಬು ಎತ್ತೋ ಆಳು!"

"ಹೌದು ಬುದ್ದಿ, ಆಳೇ. ಒಂದು ಸಲ ಕೇಳೋ ಹಕ್ಕು ಈ ಆಳಿಗೆ ಉಂಟು. ಎರಡನೇ ಸಲ ನೀವು ಏನು ಹೇಳಿದರೆ ಅದನ್ನ ಮಾಡ್ತೀನಿ."

ಕೂಟ ಮತ್ತೆ ಕೂತಿತು. ಎಂಟು ದಿನ ಆರಾಯಿತು. ಎರಡು ದಿನ ಕೆಳಗಿನ ಬಯಲಿಗೆ ಸಿಕ್ಕಿತು. ಅದು ಸಾಲದೆಂದು ನೀರಗಂಟಿಗೆ ಗೊತ್ತಿತ್ತು. ಆದರೂ ಮಾತಾಡದೆ ತೂಬು ಎತ್ತಿದ.

ಸಾಲದೆ ಹೋದದ್ದು ಜಗಳವಾಯಿತು. ಜನ ಯಜಮಾನನ ಕೈಬಿಟ್ಟರು, ಕೂಟ ಮುರಿಯಿತು. ಎರಡೂ ಬಯಲಿನವರು ದೊಣ್ಣೆ ಹಿಡಿದು ಕೆರೆ ಏರಿಗೆ ಬಂದರು. "ಕೀಲಿ ಈ ಕಡೆ ಕೊಡು, ಎರಡೆಕರೆ ನಿನ್ನ ಹೆಸರಿಗೆ ಬರೀತೀನಿ" ಎಂದ ಹಳೆಯ ಯಜಮಾನ. ಅಂದು ನೀರಗಂಟಿಗೆ ಅಪ್ಪಣೆ ಕೊಡುವವರೇ ಇರಲಿಲ್ಲ. ಕೆರೆಗೆ ಕೆರೆಯೇ ಅವನ ಸೊಂಟದಲ್ಲಿತ್ತು.

ಅವನು ಕೀಲಿಯನ್ನು ಯಾರಿಗೂ ಕೊಡಲಿಲ್ಲ. ಎರಡೂ ಬಯಲಿನ ಪೈರು ಸಾಯದಷ್ಟು ನೀರು ಬಿಟ್ಟ, ಅದಕ್ಕಿಂತ ಒಂದು ಬೊಗಸೆ ಹೆಚ್ಚಿಲ್ಲ. "ಯಾರ ಹಿಂದೆ ಹೆಚ್ಚು ಜನವೋ ಅವರು ಎದುರಿಗೆ ಬನ್ನಿ" ಎಂದು ಕೈ ಎತ್ತಿಸಿ ಎಣಿಸಿದ. ಹೆಚ್ಚು ಕೈ ಎದ್ದದ್ದು ನೀರಗಂಟಿಯನ್ನು ಕಂಡರಾಗದ ಒಬ್ಬ ರೈತನಿಗೆ. ನೀರಗಂಟಿ ಆ ರೈತನನ್ನೇ ಕರೆದು ಕಟ್ಟೆಯ ಮೇಲೆ ಕೂರಿಸಿದ. ಕೆಳಗೆ ನಿಂತು ಕೈ ಮುಗಿದು ಕೇಳಿದ: "ಅಪ್ಪಣೆ?"

ಗುರುಗಳು ಕತೆ ನಿಲ್ಲಿಸಿದರು. ಎಂಥ ಗಂಡಸು! ದೊಣ್ಣೆಗೂ ಬಗ್ಗಲಿಲ್ಲ, ಎರಡೆಕರೆಗೂ ಬಗ್ಗಲಿಲ್ಲ. ಎಣಿಸಿದ ಕೈಗಳಿಗೆ ಬಗ್ಗಿದ. ನಾನು ಎಡಗೈಲಿ ಹಾಕುತ್ತೇನೆ ಎಂದ ರುಜು ಇದೇ ತಾನೆ? ನನ್ನ ತೋಳಿನಲ್ಲಿ ಹನ್ನೆರಡು ಊರಿನ ಬಲವಿದೆ, ಸುಳ್ಳಲ್ಲ. ಆದರೆ ಆ ಬಲ ಇದಲ್ಲ.

ಆದರೂ ಬಾಯಿ ಸುಮ್ಮನಿರಬೇಕಲ್ಲ. "ಕೆರೆಯೇ ಕೈಗೆ ಬಂದಿತ್ತಲ್ಲ ಗುರುಗಳೇ, ಇಟ್ಟುಕೊಳ್ಳಬೇಕು ಅಂತ ಅವನಿಗೆ ಅನ್ನಿಸಲೇ ಇಲ್ಲವೆ?" ಎಂದೆ.

"ಅವನಿಗೆ ಗದ್ದೆ ಇರಲಿಲ್ಲ ಕಣಪ್ಪ. ನಿನ್ನ ಮುಂದಿನ ಕುಸ್ತಿ ಯಾವತ್ತು?"

ಗರಡಿಯಲ್ಲಿ ಯಾರೂ ನಗಲಿಲ್ಲ. ನಾನು ಪೇಟ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡೆ.

ಕೀಲಿ ಕುಸ್ತಿ ಬಿಟ್ಟ ಮೊಗಣ್ಣನಿಗೆ ಹೋಯಿತು. ನನಗೆ ಕೊಟ್ಟದ್ದು ಗರಡಿಯ ಮಣ್ಣು ಅಗೆಯುವ ಗುದ್ದಲಿ.